ಹಾಸನಾಂಬೆಯ ನೆರೆಯಲ್ಲಿ ಸಿಂಗಲ್ ಬೆಡ್‌ರೂಂ ಮನೆ ಹಿಡಿದದ್ದು

ಹಾಸನದ ಹಳೆಯ ಊರಿನಲ್ಲಿ, ಅಂದರೆ ಹಾಸನಾಂಬ ದೇವಾಲಯದ ಸುತ್ತಲಿನ ಬೀದಿಗಳಲ್ಲಿ, ನಾನು ನೋಡಿದ ಸಿಂಗಲ್ ಬೆಡ್‌ರೂಂ ಮನೆಗಳು ಒಂದು ಕಾಲಕ್ಕೆ ಬೇರೆ ಮನೆಗಳೇ ಆಗಿರಲಿಲ್ಲ. ಉದ್ದನೆಯ ಹೆಂಚಿನ ಮನೆಯೊಂದನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಿರುತ್ತಾರೆ. ಒಬ್ಬರ ಪಾಲಿನ ನಡುಮನೆ ಮಲಗುವ ಕೋಣೆಯಾಗುತ್ತದೆ, ದವಸ ತುಂಬುತ್ತಿದ್ದ ಕತ್ತಲೆಕೋಣೆ ಅಡುಗೆಮನೆಯಾಗುತ್ತದೆ, ಹಿತ್ತಿಲ ಬಚ್ಚಲು ಒಳಗೆ ಸೇರಿಕೊಂಡು ಅಟ್ಯಾಚ್ಡ್ ಬಾತ್‌ರೂಂ ಎನ್ನಿಸಿಕೊಳ್ಳುತ್ತದೆ. ನೆಲಕ್ಕೆ ಟೈಲ್ಸ್, ಗೋಡೆಗೆ ಬಿಳಿ ಬಣ್ಣ, ತಲೆಯ ಮೇಲೆ ಫಾಲ್ಸ್ ಸೀಲಿಂಗ್. ಬಾಗಿಲಿಗೆ 'ನವೀಕರಿಸಿದ ಮನೆ ಬಾಡಿಗೆಗಿದೆ' ಎಂಬ ಬೋರ್ಡು.

ನನಗೆ ಬೇಕಿದ್ದದ್ದು ಅಂಥದ್ದೇ. ನಾನು ಗಾಡಿ ಓಡಿಸುವುದಿಲ್ಲ. ಕಟ್ಟಿನಕೆರೆ ಮಾರುಕಟ್ಟೆಗೆ ನಡೆದು ಹೋಗಿ ಸೊಪ್ಪು ತರುವಷ್ಟು ಹತ್ತಿರದಲ್ಲಿರಬೇಕಿತ್ತು. ಊರಾಚೆಯ ಬಡಾವಣೆಗಳಲ್ಲಿ ಅದೇ ಬಾಡಿಗೆಗೆ ಗಾಳಿ ಬೆಳಕಿನ ಮನೆ ಸಿಗುತ್ತದೆ, ನಿಜ. ಉಳಿದ ಹಣ ಆಟೋಗೆ ಹೋಗುತ್ತದೆ.

ಹುಡುಕಾಟವನ್ನು ಬೇಕೆಂದೇ ಜುಲೈಗೆ ಇಟ್ಟುಕೊಂಡೆ. ಹಳೆಯ ಗೋಡೆಯ ಗುಣ ಮಳೆಗಾಲದಲ್ಲಿ ತಿಳಿಯುವಷ್ಟು ಬೇಸಿಗೆಯಲ್ಲಿ ತಿಳಿಯುವುದಿಲ್ಲ. ಈ ಮನೆಗಳ ಗೋಡೆ ಮಣ್ಣಿನದು ಅಥವಾ ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಯದು, ಮೇಲೆ ಸುಣ್ಣದ ಗಿಲಾವು. ನೆಲದ ತೇವ ಅದರೊಳಗೆ ಏರುತ್ತದೆ. ಸುಣ್ಣ ಅದನ್ನು ಮೆಲ್ಲಗೆ ಹೊರಕ್ಕೆ ಬಿಡುತ್ತದೆ. ನವೀಕರಣ ಎಂದು ಅದರ ಮೇಲೆ ಸಿಮೆಂಟ್ ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆದರೆ ತೇವಕ್ಕೆ ದಾರಿ ಇಲ್ಲದಂತಾಗುತ್ತದೆ. ಗಿಲಾವು ಉಬ್ಬುತ್ತದೆ, ಬಣ್ಣ ಹಪ್ಪಳದಂತೆ ಏಳುತ್ತದೆ, ಕೆಳಗೆ ಉಪ್ಪಿನ ಬಿಳಿ ಪುಡಿ ಉದುರುತ್ತದೆ. ಹಾಗಾಗಿ ಪ್ರತಿ ಮನೆಯಲ್ಲೂ ಮೊಣಕಾಲೂರಿ ನೆಲದಿಂದ ಒಂದು ಮೊಳದವರೆಗಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದೆ. ಟೊಳ್ಳು ಸದ್ದು ಬಂದರೆ ಅಲ್ಲಿಗೆ ಆ ಮನೆ ಮುಗಿಯಿತು. ಒಂದು ಮನೆಯಲ್ಲಿ ಆ ಎತ್ತರಕ್ಕೆ ಸರಿಯಾಗಿ ಮರದ ಬಣ್ಣದ ಪಟ್ಟಿ ಅಂಟಿಸಿದ್ದರು, ಅಲಂಕಾರಕ್ಕಂತೆ. ಪಟ್ಟಿಯ ಅಂಚಿಗೆ ಉಗುರು ತಾಗಿಸಿದೆ, ಉಪ್ಪು ಉದುರಿತು. ತೋರಿಸಲು ಬಂದವರು ಕಿಟಕಿಯ ಕಡೆ ನೋಡಿದರು.

ಇಂಥ ಮನೆಗಳಲ್ಲಿ ತೊಂದರೆ ಇರುವುದು ಹಳೆಯದಕ್ಕೆ ಹೊಸದು ಬಂದು ಸೇರುವ ಜಾಗದಲ್ಲಿ. ಹಳೆಯ ನೆಲದ ಮೇಲೆಯೇ ಟೈಲ್ಸ್ ಕೂರಿಸಿದರೆ ನೆಲ ಎತ್ತರವಾಗುತ್ತದೆ, ಮೊದಲೇ ಗಿಡ್ಡವಾದ ಬಾಗಿಲುವಾಡ ಇನ್ನಷ್ಟು ಗಿಡ್ಡವಾಗುತ್ತದೆ. ಅದಕ್ಕಿಂತ ಮುಖ್ಯ ಬಾತ್‌ರೂಂ. ಅದರ ನೆಲ ಕೋಣೆಯ ನೆಲಕ್ಕಿಂತ ತಗ್ಗಿನಲ್ಲಿರಬೇಕು, ಇಳಿಜಾರು ಕಿಂಡಿಯ ಕಡೆಗಿರಬೇಕು. ಕೇಳುವ ಗೋಜಿಗೆ ಹೋಗದೆ ಒಂದು ಬಕೆಟ್ ನೀರು ಸುರಿದು ನಿಂತು ನೋಡುತ್ತಿದ್ದೆ. ನೀರು ಬಾಗಿಲಿನತ್ತ ಬಂದ ಮನೆಗಳೂ ಇದ್ದವು.

ಫಾಲ್ಸ್ ಸೀಲಿಂಗ್ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಮೇಲಿರುವುದು ಮಂಗಳೂರು ಹೆಂಚು. ಕೋತಿ ಜಿಗಿದರೆ ಒಡೆಯುತ್ತದೆ, ಸೋರುತ್ತದೆ. ಸೀಲಿಂಗ್ ಇದ್ದರೆ ಸೋರುವುದು ಎಲ್ಲಿಂದ ಎಂದು ತಿಳಿಯುವ ಹೊತ್ತಿಗೆ ಹಲಗೆಯೇ ನೆನೆದು ಜೋತಿರುತ್ತದೆ. ನಾನು ಹಿಡಿದ ಮನೆಯಲ್ಲೂ ಅದು ಇತ್ತು. ಒಬ್ಬ ಮನುಷ್ಯ ಹತ್ತುವಷ್ಟು ಕಿಂಡಿ ಕೊಯ್ಯಿಸಿ ಮುಚ್ಚಳ ಹಾಕಿಸಿಕೊಟ್ಟ ಮೇಲೆಯೇ ಮುಂಗಡ ಕೊಟ್ಟೆ.

ಕರೆಂಟಿನ ವಿಷಯದಲ್ಲಿ ಎರಡು ನೋಡಿದೆ. ಗೀಸರ್ ಪಾಯಿಂಟಿಗೆ ಅರ್ತಿಂಗ್ ಇದೆಯೇ ಎಂದು ಪರಿಚಯದ ಎಲೆಕ್ಟ್ರಿಷಿಯನ್ ಬಂದು ಪರೀಕ್ಷಿಸಿದ. ಇನ್ನೊಂದು ಆರ್.ಆರ್. ಸಂಖ್ಯೆ, ಅಂದರೆ ಕರೆಂಟ್ ಸಂಪರ್ಕಕ್ಕೆ ಕೊಟ್ಟಿರುವ ಸಂಖ್ಯೆ. ಮನೆ ಪಾಲಾಗಿದ್ದರೂ ಮೀಟರ್ ಹಲವೆಡೆ ಒಂದೇ ಇರುತ್ತದೆ. ಬಾಡಿಗೆದಾರರಿಗೆ ಸಬ್ ಮೀಟರ್ ತೋರಿಸುತ್ತಾರೆ. 2023ರಲ್ಲಿ ಬಂದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ, ತಿಂಗಳಿಗೆ 200 ಯೂನಿಟ್‌ನ ಮಿತಿಯೊಳಗೆ, ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ನೋಂದಣಿ ಆಗುವುದು ಮೀಟರಿನ ಖಾತೆ ಸಂಖ್ಯೆಗೆ. ಸಬ್ ಮೀಟರಿಗೆ ಅಂಥ ಸಂಖ್ಯೆಯೇ ಇಲ್ಲ. ವಿದ್ಯುತ್ ಕಂಪನಿ ಸೆಸ್ಕ್‌ನ ಬಿಲ್ ತೋರಿಸಿ ಎಂದು ಕೇಳಿದ ಕೂಡಲೇ ಕೆಲವು ಮಾಲೀಕರ ಮುಖ ಸಪ್ಪಗಾಯಿತು. ಪ್ರತ್ಯೇಕ ಮೀಟರ್ ಇದ್ದದ್ದಕ್ಕೇ ಈ ಮನೆಗೆ ಐನೂರು ರೂಪಾಯಿ ಹೆಚ್ಚು ಕೊಡಲು ಒಪ್ಪಿದೆ. ಹಿಂದಿನ ಮನೆಯ ನೋಂದಣಿಯನ್ನು ಡಿ-ಲಿಂಕ್ ಮಾಡಿ ಇಲ್ಲಿಯದಕ್ಕೆ ಆಧಾರ್ ಜೋಡಿಸಿದೆ.

ಕರಾರು ಎಲ್ಲರಂತೆ ಹನ್ನೊಂದು ತಿಂಗಳಿಗೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಹನ್ನೊಂದರ ಗುಟ್ಟು ಅಷ್ಟೇ. ಇ-ಸ್ಟ್ಯಾಂಪ್ ಕಾಗದದಲ್ಲಿ ಮಾಲೀಕರು ತಂದ ಕರಡಿನಲ್ಲಿ, ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತೇವೆ ಎಂಬ ಸಾಲಿತ್ತು. ನೆಲದ ತೇವದಿಂದ ಏಳುವ ಬಣ್ಣಕ್ಕೆ ನಾನೇಕೆ ದುಡ್ಡು ಕೊಡಬೇಕು? ಅದನ್ನು ತೆಗೆಸಲು ಹಾಸನಾಂಬೆ ನೆರವಾದಳು.

ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ದೇವಿಯ ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿಯ ಮರುದಿನ ಮುಚ್ಚುತ್ತದೆ. 2025ರಲ್ಲಿ ಅದು ಅಕ್ಟೋಬರ್ 9ರಿಂದ 23ರವರೆಗೆ. ಆ ದಿನಗಳಲ್ಲಿ ಸುತ್ತಲ ಬೀದಿಗಳಿಗೆ ಬ್ಯಾರಿಕೇಡ್ ಬೀಳುತ್ತದೆ, ಸಾಲು ರಾತ್ರಿಯೂ ಕರಗುವುದಿಲ್ಲ, ಗ್ಯಾಸ್ ಸಿಲಿಂಡರ್ ಮೊದಲೇ ತರಿಸಿಟ್ಟುಕೊಳ್ಳಬೇಕು. ಮಾಲೀಕರ ಮನೆಗೆ ಊರೂರಿನಿಂದ ನೆಂಟರು ಬರುತ್ತಾರೆ. ನನ್ನ ಪಾಲಿನ ಮುಂದಿನ ಜಗುಲಿ ಆಗ ಅವರಿಗೆ ಮಲಗಲು ಬೇಕು ಎಂದರು. ಜಗುಲಿ ಕೊಡುತ್ತೇನೆ, ಬಣ್ಣದ ಸಾಲು ಹೊಡೆದುಹಾಕಿ ಎಂದೆ. ಮಾಲೀಕರು ಯೋಚಿಸುತ್ತಿರುವಾಗಲೇ ಅವರ ಹೆಂಡತಿ ಒಳಗಿನಿಂದ ಪೆನ್ನು ತಂದುಕೊಟ್ಟರು. ನೆಂಟರಿಗೆ ಬಾತ್‌ರೂಂ ಕೊಡುವುದಿಲ್ಲ ಎಂಬುದನ್ನು ಮಾತ್ರ ಕಾಗದಕ್ಕೆ ಹಾಕಲಿಲ್ಲ, ಬಾಯಿಮಾತಿನಲ್ಲೇ ಮುಗಿಸಿಕೊಂಡೆವು.