ಕಡ್ಡಿಪುಡಿ, ಗುಟ್ಕಾ ಬಿಡುವ ಬಗೆ: ಅಡಿಕೆ ಸೀಮೆಯವರಿಗೆ

ಸಿಗರೇಟು ಬಿಡಿಸುವ ಸಲಹೆಗಳು ಬೇಕಾದಷ್ಟಿವೆ. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ ಇಟ್ಟುಕೊಂಡು ದಿನಕ್ಕೆ ಹತ್ತು ಸಲ ಹಾಕಿಕೊಳ್ಳುವವರಿಗೆ ಅವು ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತವೆ. ಇಲ್ಲಿ ಬಿಡಬೇಕಾದದ್ದು ಎರಡು: ತಂಬಾಕು, ಅದರ ಜೊತೆಗೆ ಅಡಿಕೆ. ಅಡಿಕೆ ನಮ್ಮ ಅನ್ನದ ಬೆಳೆ, ಹೀಗೆ ಹೇಳುವುದು ಕಷ್ಟದ ಮಾತೇ. ಆದರೆ ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಬೆಳೆಯುವವರ ಬಾಯಿಗೂ ಅದು ಅನ್ವಯಿಸುತ್ತದೆ.

ಮೊದಲು ಬಾಯಿ ನೋಡಿಕೊಳ್ಳಿ

ಬಿಡುವ ದಿನ ಗೊತ್ತು ಮಾಡುವ ಮುಂಚೆಯೇ ಈ ಕೆಲಸ ಆಗಬೇಕು. ಬಾಯಿ ಮುಕ್ಕಳಿಸಿ, ಬೆಳಕಿಗೆ ಮುಖ ಮಾಡಿ ಕನ್ನಡಿ ಹಿಡಿಯಿರಿ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಡಿ. ಮೂರೂ ಹಿಡಿಸಿದರೆ ಬಾಯಿ ಸರಿಯಾಗಿ ತೆರೆಯುತ್ತಿದೆ. ಎರಡಕ್ಕೇ ನಿಂತರೆ ಕೆನ್ನೆಯ ಒಳಪದರದ ಅಡಿ ನಾರು ಕಟ್ಟುತ್ತಿರಬಹುದು. ದಂತವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇದನ್ನು ತರುವುದು ಮುಖ್ಯವಾಗಿ ಅಡಿಕೆಯೇ. ಗುಟ್ಕಾ, ಪಾನ್ ಮಸಾಲಾದ ಒಣ ಅಡಿಕೆಪುಡಿ ತಿನ್ನುವವರಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಮೊದಲ ಸುಳಿವು ಉರಿ. ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ಆರಾಮಾಗಿ ತಿನ್ನುತ್ತಿದ್ದವರಿಗೆ ಸಾರಿನ ಖಾರವೂ ತಡೆಯದಂತಾದರೆ ಸುಮ್ಮನಿರಬೇಡಿ.

ಆಮೇಲೆ ಕೆನ್ನೆ, ತುಟಿ ಎಳೆದು ಒಳಗೆ ನೋಡಿ. ನಾಲಿಗೆ ಎತ್ತಿ ಅಡಿಭಾಗ ನೋಡಿ. ದಿನಾ ತಂಬಾಕು ಒತ್ತರಿಸಿ ಇಡುವ ಜಾಗವನ್ನು ವಿಶೇಷವಾಗಿ ನೋಡಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಕುತ್ತಿಗೆಯಲ್ಲಿ ಗಂಟು, ಇವುಗಳಲ್ಲಿ ಒಂದಿದ್ದರೂ ದಂತವೈದ್ಯರಿಗೆ ತೋರಿಸಿ. ಕೆಂಪು ಮಚ್ಚೆ ಬಿಳಿಯದಕ್ಕಿಂತ ಅಪಾಯದ್ದು. ಹುಣ್ಣು ನೋಯುತ್ತಿಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ, ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ದಾವಣಗೆರೆಯ ಬಾಪೂಜಿ ದಂತ ಕಾಲೇಜು, ಚಿತ್ರದುರ್ಗದ ಎಸ್‌ಜೆಎಂ ದಂತ ಕಾಲೇಜುಗಳಂಥ ಕಡೆ ಹೋದರೆ ಬಾಯಿಯ ಕಾಯಿಲೆ ನೋಡುವ ಓರಲ್ ಮೆಡಿಸಿನ್ ವಿಭಾಗ ಕೇಳಿ.

ಸುಣ್ಣದ ಕೆಲಸ

ಬಿಡುವುದು ಯಾಕಿಷ್ಟು ಕಷ್ಟ ಎಂಬುದಕ್ಕೆ ಉತ್ತರ ಸುಣ್ಣದ ಡಬ್ಬಿಯಲ್ಲಿದೆ. ಸುಣ್ಣ ಬೆರೆತಾಗ ತಂಬಾಕಿನಲ್ಲಿ ಚಟ ಹಿಡಿಸುವ ಅಂಶವಾದ ನಿಕೋಟಿನ್ ಬಾಯಿಯ ಒಳಪದರದ ಮೂಲಕ ಸಲೀಸಾಗಿ ರಕ್ತಕ್ಕೆ ಇಳಿಯುವ ರೂಪಕ್ಕೆ ಬರುತ್ತದೆ. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿದ ತಂಬಾಕು ಜೋರಾಗಿ ‘ಹಿಡಿಯುವುದು’ ಅದಕ್ಕೇ. ಬೀಡಿ ಹೊಗೆಯ ನಿಕೋಟಿನ್ ಮಿದುಳಿಗೆ ಕೆಲವೇ ಸೆಕೆಂಡಿನಲ್ಲಿ ತಲುಪಿ ಬೇಗ ಇಳಿಯುತ್ತದೆ. ಜಗಿಯುವ ತಂಬಾಕಿನದು ನಿಧಾನ ಏರಿ ಹೆಚ್ಚು ಹೊತ್ತು ನಿಲ್ಲುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗೆ ಅರ್ಧಕ್ಕೆ ಇಳಿಯುವುದರಿಂದ ಕೈ ಮತ್ತೆ ಮತ್ತೆ ಸಂಚಿಗೆ ಹೋಗುತ್ತದೆ. ರಾತ್ರಿ ನಿದ್ದೆಯಲ್ಲಿ ಬಹುಪಾಲು ಖಾಲಿಯಾಗುತ್ತದೆ, ಹಾಗಾಗಿ ಬೆಳಗಿನ ಮೊದಲನೆಯದನ್ನು ಬಿಡುವುದೇ ಎಲ್ಲಕ್ಕಿಂತ ಗಟ್ಟಿ.

ಒಂದು ವಾರದ ತಯಾರಿ

ಒಂದು ವಾರ ಏನೂ ಬದಲಿಸದೆ ಬರೆದಿಡಿ: ಎಷ್ಟು ಗಂಟೆಗೆ ಹಾಕಿದಿರಿ, ಎಲ್ಲಿದ್ದಿರಿ, ಯಾರ ಜೊತೆ. ಊಟವಾದ ಮೇಲೆ, ಟೀ ಆದ ಮೇಲೆ, ರಾತ್ರಿ ಕರೆಂಟ್ ಬಂದಾಗ ಮೋಟರ್ ಹಾಕಲು ತೋಟಕ್ಕೆ ಹೋದಾಗ, ಸಾಲಾಗಿ ಕೂತು ಅಡಿಕೆ ಸುಲಿಯುವಾಗ, ಹೆದ್ದಾರಿಯಲ್ಲಿ ನಿದ್ದೆ ತಡೆಯಲು. ಈ ಪಟ್ಟಿಯಲ್ಲಿ ಪದೇ ಪದೇ ಬರುವ ಮೂರು ಹೊತ್ತಿಗೆ ಮೊದಲೇ ಬದಲಿ ಗೊತ್ತು ಮಾಡಿಕೊಳ್ಳಿ. ಊಟವಾದ ಕೂಡಲೇ ಹಲ್ಲುಜ್ಜಿ ಎದ್ದುಬಿಡಿ. ಟೀ ಕುಡಿಯುವ ಅಂಗಡಿ ಬದಲಿಸಿ.

ಬಿಡುವ ದಿನ ಎರಡು ವಾರದೊಳಗೆ ಇರಲಿ. ಮನೆಯ ಮದುವೆ, ದುರ್ಗಾಂಬಿಕಾ ಜಾತ್ರೆ, ನಾಯಕನಹಟ್ಟಿ ತೇರು, ಕೊಯ್ಲಿನ ದಿನಗಳನ್ನು ತಪ್ಪಿಸಿ. ಹಿಂದಿನ ರಾತ್ರಿ ಸಂಚಿ, ಸುಣ್ಣದ ಡಬ್ಬಿ, ಅಂಗಿ ಜೇಬಿನ ಪೊಟ್ಟಣ, ಬೈಕಿನ ಡಿಕ್ಕಿ, ಟ್ರ್ಯಾಕ್ಟರ್ ಸೀಟಿನಡಿ ಎಲ್ಲ ಖಾಲಿ ಮಾಡಿ. ಮನೆಗೆ ಬಂದವರಿಗೆ ಎಲೆ-ಅಡಿಕೆ ತಟ್ಟೆ ಇಡದೆ ಹೇಗೆ ಎಂದು ಹಿರಿಯರು ಕೇಳಬಹುದು. ತಾಂಬೂಲ ಕೊಡುವುದು ಮರ್ಯಾದೆ, ಅದು ನಡೆಯಲಿ. ನೀವು ಬಾಯಿಗೆ ಹಾಕಿಕೊಳ್ಳದಿದ್ದರೆ ಮರ್ಯಾದೆ ಕಡಿಮೆಯಾಗದು.

ನಿಕೋಟಿನ್ ಗಮ್ ಜಗಿಯುವ ಕ್ರಮ

ತಂಬಾಕು ಬಿಟ್ಟಾಗಿನ ಬಯಕೆ ತಣಿಸಲು ಸ್ವಲ್ಪ ನಿಕೋಟಿನ್ ಕೊಡುವ ಔಷಧಿ ಗಮ್ ಇದು. ಹೆಚ್ಚಿನವರು ಎಡವುವುದು ಇಲ್ಲಿ. ಎದ್ದ ಅರ್ಧ ಗಂಟೆಯೊಳಗೆ ತಂಬಾಕು ಬೇಕೇ ಬೇಕು ಎನ್ನುವವರಿಗೆ 4 ಮಿ.ಗ್ರಾಂ, ಉಳಿದವರಿಗೆ 2 ಮಿ.ಗ್ರಾಂ, 4 ಮಿ.ಗ್ರಾಂಗೆ ವೈದ್ಯರ ಚೀಟಿ ಬೇಕು. ಬಾಯಿಗೆ ಹಾಕಿ ನಿಧಾನವಾಗಿ ಜಗಿಯಿರಿ. ಖಾರ ಅಥವಾ ಚುರುಚುರು ಅನಿಸಿದ ತಕ್ಷಣ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಇಡಿ. ಆ ರುಚಿ ಇಳಿದ ಮೇಲೆ ಮತ್ತೆ ನಾಲ್ಕಾರು ಸಲ ಜಗಿದು, ಇನ್ನೊಂದು ಕೆನ್ನೆಗೆ ಇಡಿ. ಹೀಗೆ ಅರ್ಧ ಗಂಟೆ. ಬಬಲ್‌ಗಮ್ ಥರ ಒಂದೇ ಸಮ ಜಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ, ಬಯಕೆ ಮಾತ್ರ ತಣಿಯುವುದಿಲ್ಲ. ‘ಗಮ್ ಕೆಲಸ ಮಾಡಲಿಲ್ಲ’ ಎನ್ನುವವರು ಮೊದಲು ಇದನ್ನು ಪರೀಕ್ಷಿಸಿಕೊಳ್ಳಲಿ. ಟೀ, ಕಾಫಿ, ನಿಂಬೆ ಪಾನಕ ಕುಡಿದು 15 ನಿಮಿಷ ಆಗುವವರೆಗೆ ಗಮ್ ಬೇಡ, ಬಾಯಿಯಲ್ಲಿ ಹುಳಿ ಇದ್ದರೆ ನಿಕೋಟಿನ್ ಇಳಿಯದು. ಸುಣ್ಣ ಮಾಡುವುದರ ತಿರುಗುಮುರುಗು ಇದು.

ಮೊದಲ 6 ವಾರ ಒಂದೆರಡು ಗಂಟೆಗೊಂದು, ಮುಂದಿನ 3 ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ 3 ವಾರ ನಾಲ್ಕರಿಂದ ಎಂಟು ಗಂಟೆಗೊಂದು. ದಿನಕ್ಕೆ 24 ದಾಟಬಾರದು. ಮೂರು ಬೆರಳು ಹಿಡಿಸದವರು, ಬಾಯಿ ಉರಿ ಇರುವವರು ಗಮ್ ಜಗಿಯುವುದು ಬೇಡ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಅಥವಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಬಸುರಿಯರು, ಇತ್ತೀಚೆಗೆ ಹೃದಯಾಘಾತವಾದವರು ವೈದ್ಯರನ್ನು ಕೇಳದೆ ಯಾವುದನ್ನೂ ಮುಟ್ಟಬಾರದು.

ಮೊದಲ ಮೂರು ವಾರ

ಸಿಡುಕು, ತಲೆನೋವು, ನಿದ್ದೆ ಬಾರದಿರುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಮೊದಲ ದಿನವೇ ಶುರುವಾಗಿ ಎರಡು-ಮೂರನೇ ದಿನ ಜೋರಾಗುತ್ತವೆ. ಮೂರ್ನಾಲ್ಕು ವಾರದಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ಒಂದೊಂದು ಬಯಕೆಯ ಅಲೆ ಐದು ನಿಮಿಷದ ಮಾತು. ಗಡಿಯಾರ ನೋಡಿ, ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ, ಎದ್ದು ನಾಲ್ಕು ಹೆಜ್ಜೆ ಹಾಕಿ.

ಹೆಚ್ಚು ಜನ ಹೇಳಿಕೊಳ್ಳದ ತೊಂದರೆ ಇನ್ನೊಂದಿದೆ. ‘ತಂಬಾಕು ಹಾಕದಿದ್ದರೆ ಬೆಳಗ್ಗೆ ಹೊರಗೇ ಆಗುವುದಿಲ್ಲ.’ ಇದು ನಿಜ. ನಿಕೋಟಿನ್ ಕರುಳನ್ನು ಚುರುಕುಗೊಳಿಸುತ್ತದೆ, ಬಿಟ್ಟಾಗ ಕೆಲವು ವಾರ ಮಲಬದ್ಧತೆ ಕಾಡುತ್ತದೆ. ಇದೊಂದೇ ಕಾರಣಕ್ಕೆ ನಾಲ್ಕನೇ ದಿನ ಮತ್ತೆ ಹಾಕಿಕೊಳ್ಳುವವರಿದ್ದಾರೆ. ಬಿಡುವ ಎರಡು ದಿನ ಮುಂಚಿನಿಂದಲೇ ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ಮುದ್ದೆಯ ಜೊತೆ ಸೊಪ್ಪಿನ ಸಾರು, ಮೊಳಕೆ ಹೆಸರುಕಾಳು, ರಾತ್ರಿ ಪಪ್ಪಾಯಿ ಅಥವಾ ಸೀಬೆಹಣ್ಣು ರೂಢಿ ಮಾಡಿ. ದಿನಾ ಅದೇ ಹೊತ್ತಿಗೆ ಹೋಗಿ ಕೂರಿ.

ಬಾಯಾಡಿಸಲು ಬಡೇಸೋಪು, ಏಲಕ್ಕಿ, ಹುರಿದ ಶೇಂಗಾ, ಒಂದು ಹಿಡಿ ಮಂಡಕ್ಕಿ ಸಾಕು. ಉರಿ ಇರುವ ಬಾಯಿಗೆ ಲವಂಗ ಬೇಡ. ಸಿಹಿ ಅಡಿಕೆ, ‘ತಂಬಾಕು ಇಲ್ಲ’ ಎಂದು ಬರೆದ ಪಾನ್ ಮಸಾಲಾ ಖಂಡಿತ ಬೇಡ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಬಂದದ್ದು ನಿಮಗೆ ಗೊತ್ತೇ ಇದೆ. ಮೊದಲ ಪೊಟ್ಟಣ ಜೇಬಿನಲ್ಲಿದ್ದರೆ ಎರಡನೆಯದು ಎಷ್ಟು ದೂರ?

ಬೀಡಿ, ಸಿಗರೇಟೂ ಸೇದುವವರು ಎರಡನ್ನೂ ಒಟ್ಟಿಗೇ ಬಿಡಿ. ಹೊಗೆ ನಿಲ್ಲಿಸಿದ ಮೇಲೆ ಟೀ-ಕಾಫಿಯ ಕೆಫೀನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಆರು ಟೀ ಕುಡಿಯುತ್ತಿದ್ದರೆ ಮೂರಕ್ಕೆ ಇಳಿಸಿ, ನಿದ್ದೆ ಬರುತ್ತದೆ. ಇನ್ಸುಲಿನ್, ಉಬ್ಬಸದ ಅಥವಾ ಮಾನಸಿಕ ಕಾಯಿಲೆಯ ಔಷಧಿ ತೆಗೆದುಕೊಳ್ಳುವವರು ಬೀಡಿ ಬಿಟ್ಟ ವಿಷಯವನ್ನು ವೈದ್ಯರಿಗೆ ತಿಳಿಸಿ, ಪ್ರಮಾಣ ಬದಲಿಸಬೇಕಾಗಬಹುದು.

ಜಾರಿದರೆ

ಮದುವೆ ಮನೆಯಲ್ಲಿ ಯಾರೋ ಒತ್ತಾಯಿಸಿ ಒಂದು ಹಾಕಿಕೊಂಡಿರಿ ಎನ್ನಿ. ಅದನ್ನು ಉಗಿದು ಬಾಯಿ ತೊಳೆಯಿರಿ, ‘ಹೆಂಗೂ ಕೆಟ್ಟಿತು’ ಅಂತ ಪೊಟ್ಟಣ ಕೊಳ್ಳಬೇಡಿ. ಎಲ್ಲಿ, ಯಾರ ಜೊತೆ ಜಾರಿದಿರೋ ಬರೆದಿಡಿ. ವಾರದಲ್ಲಿ ಮೂರು ಸಲ ಹೀಗಾದರೆ ಗಮ್ಮಿನ ಪ್ರಮಾಣ ಸಾಲುತ್ತಿಲ್ಲ ಎಂದರ್ಥ, ವೈದ್ಯರನ್ನು ಕಾಣಿ. ತಂಬಾಕು ಪೊಟ್ಟಣದ ಮೇಲೆಯೇ ಅಚ್ಚಾಗಿರುವ 1800-11-2356 ಉಚಿತ ಸಹಾಯವಾಣಿ, ಕನ್ನಡದಲ್ಲಿ ಮಾತಾಡಬಹುದು. ಜಿಲ್ಲಾಸ್ಪತ್ರೆಗೆ ಹೋದವರು ತಂಬಾಕು ವ್ಯಸನ ಮುಕ್ತಿ ಕೇಂದ್ರ ಎಲ್ಲಿ ಎಂದು ಕೇಳಿ.

ಬಿಟ್ಟ ಮೇಲೂ ಮೂರು ಬೆರಳಿನ ಪರೀಕ್ಷೆ ತಿಂಗಳಿಗೊಮ್ಮೆ ನಡೆಯಲಿ. ತಂಬಾಕು ಇಡುತ್ತಿದ್ದ ಜಾಗದ ಬಿಳಿ ಮಚ್ಚೆ ಕೆಲವು ವಾರದಲ್ಲಿ ತಿಳಿಯಾಗುವುದುಂಟು. ಆರು ವಾರವಾದರೂ ಹಾಗೇ ಇದ್ದರೆ ದಂತವೈದ್ಯರು ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಾಗಬಹುದು, ಬೇಡ ಎನ್ನಬೇಡಿ. ಕಟ್ಟಿದ ನಾರು ಮಾತ್ರ ತಾನಾಗಿ ಪೂರ್ತಿ ಕರಗುವುದಿಲ್ಲ. ಅಡಿಕೆ ನಿಲ್ಲಿಸಿ, ವೈದ್ಯರು ಹೇಳಿಕೊಟ್ಟಂತೆ ದಿನಾ ಬಾಯಿ ತೆರೆಯುವ ವ್ಯಾಯಾಮ ಮಾಡಬೇಕು. ಹೋದ ತಿಂಗಳು ಹಿಡಿಸಿದ ಬೆರಳು ಈ ತಿಂಗಳು ಹಿಡಿಸದಿದ್ದರೆ ಅದೇ ವಾರ ಹೋಗಿ ತೋರಿಸಿ.