ಮೆರಿಟ್ ಸ್ಕಾಲರ್‌ಶಿಪ್ ಕೈತಪ್ಪಿದರೆ ಮೊದಲು ಅಂಕದ ಲೆಕ್ಕ ಕೇಳಿ

ಯೂನಿವರ್ಸಿಟಿಯ ಮೆರಿಟ್ ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ಹೆಸರಿಲ್ಲ ಅಂದ ತಕ್ಷಣ ಮೇಲ್ಮನವಿ ಬರೆಯಬೇಡಿ. ನಿಮ್ಮ ಹೆಸರಿನ ಮುಂದೆ ಎಷ್ಟು ಅಂಕ ಹಾಕಿದ್ದಾರೆ, ಕೊನೆಯದಾಗಿ ಆಯ್ಕೆಯಾದವರ ಅಂಕ ಎಷ್ಟು, ಯಾವ ಸೆಮಿಸ್ಟರ್‌ವರೆಗೆ ಲೆಕ್ಕ ಹಿಡಿದಿದ್ದಾರೆ ಅಂತ ಮೊದಲು ಬರಹದಲ್ಲಿ ಕೇಳಿ. ಯಾಕಂದ್ರೆ ಕಷ್ಟ ಹೇಳಿಕೊಂಡರೆ ಸಮಿತಿಯವರು ಅಯ್ಯೋ ಅನ್ನಬಹುದು, ಅಷ್ಟಕ್ಕೇ ಪಟ್ಟಿ ಬದಲಿಸುವುದು ಕಷ್ಟ, ಆದರೆ ಅಂಕದ ತಪ್ಪನ್ನು ದಾಖಲೆ ಸಮೇತ ತೋರಿಸಿದರೆ ತಳ್ಳಿಹಾಕುವುದು ಸುಲಭವಲ್ಲ. ಮರುಮೌಲ್ಯಮಾಪನದಲ್ಲಿ ಜಾಸ್ತಿಯಾದ ಅಂಕ ಸೇರಿದೆಯಾ, ಸಿಜಿಪಿಎಯನ್ನು ಶೇಕಡಾಕ್ಕೆ ಬದಲಿಸಿದ ಲೆಕ್ಕ ಸರಿಯಿದೆಯಾ, ಇವೆರಡನ್ನೇ ಮೊದಲು ನೋಡಿ. ತುಮಕೂರಾಗಲಿ ಕೋಲಾರವಾಗಲಿ, ಅರ್ಜಿಯನ್ನು ಟಪಾಲು ವಿಭಾಗದಲ್ಲೇ ಕೊಟ್ಟು ನಿಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸುಮ್ನೆ ಯಾರದೋ ಮೇಜಿನ ಮೇಲಿಟ್ಟು ಬಸ್ ಹತ್ತಬೇಡಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ, ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರಕ್ಕೆ ಅವರಿಗೆ 30 ದಿನ ಇರುತ್ತದೆ, ಅಷ್ಟರಲ್ಲಿ ಮೇಲ್ಮನವಿಯ ಗಡುವು ಮುಗಿಯುವುದಾದರೆ ಕಾಯಬೇಡಿ, 'ದಾಖಲೆ ಕೇಳಿದ್ದೇನೆ, ಬಂದ ಮೇಲೆ ಸಲ್ಲಿಸುತ್ತೇನೆ' ಅಂತ ಬರೆದು ಮನವಿ ಕೊಟ್ಟುಬಿಡಿ. ಅಂಕ ನಿಜವಾಗಿಯೂ ಕಡಿಮೆಯಿದ್ದರೆ ಅಥವಾ ಆದಾಯ ಮಿತಿ ದಾಟಿದ್ದರೆ ಇದರಿಂದ ಏನೂ ಆಗುವುದಿಲ್ಲ. ಎಸ್‌ಎಸ್‌ಪಿಯಲ್ಲಿ, ಅಂದ್ರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ಮಂಜೂರಾಗಿಯೂ ದುಡ್ಡು ಬಂದಿಲ್ಲ ಅನ್ನುವುದು ಬೇರೆಯೇ ತಾಪತ್ರಯ, ಅದಕ್ಕೆ ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿಸಿ.