ಹುಣಸೆ ಅಟ್ಟದ ಕೋವಿ

ಹಳೇ ಕೋವಿ ತಂದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ. "ಫಳಫಳ ಅನ್ನೋ ಹಾಗೆ ಮಾಡ್ಕೊಡಿ ಅಣ್ಣಾ." ನಾನು ಹಾಗೆ ಮಾಡಿಕೊಡುವುದಿಲ್ಲ. ಬಫ್ ಚಕ್ರಕ್ಕೆ ಹಿಡಿದರೆ ಐದೇ ನಿಮಿಷದಲ್ಲಿ ಹೊಳಪು ಬರುತ್ತದೆ, ನಿಜ. ಅದೇ ಐದು ನಿಮಿಷದಲ್ಲಿ ಮಾಡಿದವರ ಹೆಸರು, ಪರೀಕ್ಷೆಯ ಮುದ್ರೆ, ಚೂಪಾದ ಅಂಚು, ಕೆತ್ತನೆ ಎಲ್ಲ ಪುಡಿಯಾಗಿ ನೆಲಕ್ಕೆ ಬೀಳುತ್ತವೆ. ಹೋದ ಕಬ್ಬಿಣ ಮತ್ತೆ ಬರುವುದಿಲ್ಲ. ತುಕ್ಕನ್ನು ನಿಲ್ಲಿಸಬೇಕು, ಉಳಿದಿದ್ದನ್ನು ಉಳಿಸಬೇಕು. ನಾನು ದುಡ್ಡು ತೆಗೆದುಕೊಳ್ಳುವುದು ಅಷ್ಟಕ್ಕೇ.

ನನ್ನ ಕೈ ಪಳಗಿದ್ದು ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ. ಆಮೇಲೆ ಲೈಸೆನ್ಸ್ ಇರುವ ಕೋವಿ ದುರಸ್ತಿ ಅಂಗಡಿಗೆ ಸೇರಿದೆ. ಕೊರಟಗೆರೆ, ಮಧುಗಿರಿ, ಪಾವಗಡ, ಗುಬ್ಬಿ ಕಡೆಯಿಂದ ಬೆಳೆ ಕಾಯುವ ಕೋವಿಗಳು ಬರುತ್ತವೆ. ಹೆಚ್ಚಿನವು ಕೇಪಿನ ಕೋವಿಗಳು, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬಿ, ಗಜ ಎನ್ನುವ ಉದ್ದ ಕಡ್ಡಿಯಲ್ಲಿ ಜಡಿದು, ಕೇಪು ಎನ್ನುವ ಚಿಕ್ಕ ಸಿಡಿಟೋಪಿಯಿಂದ ಹೊತ್ತಿಸುವಂಥವು. ತೋಟಾ ಹಾಕುವ ಜೋಡಿ ನಳಿಗೆಯವೂ ಇರುತ್ತವೆ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ ಅಲ್ಲ, ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕು. ಹಳೇ ಕಾಲದ್ದು ಅಂದರೆ ವಿನಾಯಿತಿ ಇದೆ ಎಂದು ಬಹಳ ಜನ ನಂಬಿದ್ದಾರೆ. ವಿನಾಯಿತಿ ಇರುವುದು ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿರುವ ಹಳೇ ಆಯುಧಕ್ಕೆ. ಆ "ರಿಪೇರಿ ಮಾಡಿದರೂ" ಎನ್ನುವುದನ್ನು ಯಾರೂ ಓದುವುದಿಲ್ಲ. ಹಳೇ ಮನೆ ಕೆಡವುವಾಗ ಕಾಗದಪತ್ರ ಇಲ್ಲದ ಕೋವಿ ಸಿಕ್ಕಿದರೆ ಗೋಣಿಯಲ್ಲಿ ಸುತ್ತಿಕೊಂಡು ಬಸ್ ಹತ್ತಬೇಡಿ. ಅದನ್ನು ಇದ್ದಲ್ಲೇ ಬಿಟ್ಟು ಠಾಣೆಗೆ ತಿಳಿಸಿ.

ಇಲ್ಲಿ ಹೇಳುತ್ತಿರುವ ಕೋವಿ ಕೊರಟಗೆರೆ ಕಡೆಯದು. ತಾತನ ಹೆಸರಲ್ಲಿದ್ದ ಲೈಸೆನ್ಸ್ ಮೊಮ್ಮಗನ ಹೆಸರಿಗೆ ಆದ ಮೇಲೆ ನನ್ನ ಮೇಜಿಗೆ ಬಂತು. ನಳಿಗೆ ಪೂರಾ ಕೆಂಪು. ಕುದುರೆ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಅಲ್ಲಾಡುತ್ತಿರಲಿಲ್ಲ. ಮುಟ್ಟಿದರೆ ಪದರ ಪದರವಾಗಿ ತುಕ್ಕು ಉದುರುತ್ತಿತ್ತು. ಸುಮ್ನೆ ಮಳೆಗಾಲದ ತೇವಕ್ಕೆ ಇಷ್ಟು ಆಗುವುದಿಲ್ಲ. ಎಲ್ಲಿಟ್ಟಿದ್ರಿ ಎಂದು ಕೇಳಿದೆ. "ಅಟ್ಟದ ಮೇಲೆ ಅಣ್ಣಾ, ಹುಣಸೆಹಣ್ಣಿನ ಗುಡಾಣದ ಪಕ್ಕ" ಎಂದರು. ಆಗ ಗೊತ್ತಾಯಿತು. ನಮ್ಮ ಕಡೆ ವರ್ಷದ ಹುಣಸೆಯನ್ನು ಕಲ್ಲುಪ್ಪು ಹಾಕಿ ಮೆಟ್ಟಿ ಇಡುತ್ತಾರಲ್ವಾ? ಉಪ್ಪು ಗಾಳಿಯ ತೇವ ಎಳೆಯುತ್ತದೆ, ಗುಡಾಣ ಬೆವರುತ್ತದೆ, ಆ ಉಪ್ಪುನೀರು ಗೋಣಿಗೆ ಇಳಿಯುತ್ತದೆ, ಗೋಣಿಯಿಂದ ಕಬ್ಬಿಣಕ್ಕೆ. ಉಪ್ಪು ಒಳಹೊಕ್ಕ ತುಕ್ಕು ಮೇಲೆ ಕೆರೆದರೆ ಹೋಗುವುದಿಲ್ಲ. ಕುಳಿಗಳ ತಳದಲ್ಲಿ ಕೂತು ಒಳಗಿಂದಲೇ ತಿನ್ನುತ್ತಿರುತ್ತದೆ. ಎಷ್ಟೇ ಎಣ್ಣೆ ಹಚ್ಚಿದರೂ ಮತ್ತೆ ಕಿತ್ತಳೆ ಚುಕ್ಕೆ ಏಳುತ್ತದೆ.

ಆದರೆ ತುಕ್ಕಿಗಿಂತ ಮೊದಲು ನೋಡಬೇಕಾದ್ದು ಇನ್ನೊಂದಿದೆ. ಒಳಗೆ ಮದ್ದು ಇದೆಯೋ ಇಲ್ಲವೋ? ಬಾಯಿಂದ ತುಂಬುವ ಕೋವಿಯನ್ನು ಹಂದಿಯಿಂದ ಬೆಳೆ ಕಾಯಲು ತುಂಬಿ, ಹಂದಿ ಬರದೆ, ಹಾಗೇ ಮೂಲೆಗೆ ಇಟ್ಟುಬಿಡುತ್ತಾರೆ. ಕರಿಮದ್ದು ಒಣಗಿದ್ದರೆ ತಲೆಮಾರು ಕಳೆದರೂ ಸಾಯುವುದಿಲ್ಲ. ನಾನು ಮರದ ಕಡ್ಡಿಯೊಂದನ್ನು ನಳಿಗೆಗೆ ಇಳಿಸುತ್ತೇನೆ. ಅದು ತಳ ಮುಟ್ಟಿದಾಗ ಬಾಯಿಯ ಅಂಚಿಗೆ ಸರಿಯಾಗಿ ಪೆನ್ಸಿಲ್ ಗುರುತು ಹಾಕಿ, ಹೊರಗೆ ತೆಗೆದು, ನಳಿಗೆಯ ಪಕ್ಕಕ್ಕೇ ಹಿಡಿದು ನೋಡುತ್ತೇನೆ. ಕಡ್ಡಿಯ ತುದಿ ಕೇಪು ಕೂರುವ ನಿಪ್ಪಲ್‌ವರೆಗೆ ಬರಬೇಕು. ಈ ಕೋವಿಯಲ್ಲಿ ನಾಲ್ಕು ಬೆರಳು ಮುಂಚೆಯೇ ನಿಂತಿತು. ತುಂಬಿದ ಕೋವಿ. ಕೂಡಲೇ ಬಾಯನ್ನು ಜನ ಇಲ್ಲದ ಗೋಡೆ ಕಡೆ ತಿರುಗಿಸಿ, ಒಲೆ, ಗ್ರೈಂಡರ್, ಬೀಡಿ ಎಲ್ಲ ದೂರ ಮಾಡಿಸಿದೆ. ಬಾಯಿಂದ ನೀರು ತುಂಬಿ ನಿಲ್ಲಿಸಿದೆ. ಕರಿಮದ್ದಿನ ಮುಕ್ಕಾಲು ಪಾಲು ಪೆಟ್ಲುಪ್ಪು, ಅದು ನೀರಿನಲ್ಲಿ ಕರಗುತ್ತದೆ. ಚೆನ್ನಾಗಿ ನೆನೆದ ಮೇಲೆ ಸುರುಳಿ ತುದಿಯ ಕಡ್ಡಿಯಿಂದ ಎಳೆದೆ. ತೆಂಗಿನ ನಾರಿನ ಉಂಡೆ ಬಂತು, ಅದರ ಹಿಂದೆ ಸೀಸದ ಗುಂಡುಗಳು, ಮತ್ತೆ ನಾರು, ಕೊನೆಗೆ ಕಪ್ಪು ಕೆಸರು. ಕಾಗದ ಪಕ್ಕಾ ಇದ್ದ ಕೋವಿಯ ಕಥೆ ಇದು. ಆದ್ದರಿಂದ ಯಾವ ಹಳೇ ಕೋವಿಯನ್ನೂ ತುಕ್ಕು ಬಿಡಿಸಲು ಬೆಂಕಿಗೆ ಹಿಡಿಯಬೇಡಿ. ಅನುಮಾನ ಬಂದರೆ ನೀವೇ ಕೈಹಾಕಬೇಡಿ, ಲೈಸೆನ್ಸ್ ಇರುವವರಿಗೆ ಬಿಡಿ.

ಆಮೇಲೆ ಸ್ಕ್ರೂ. ಹಳೇ ಸ್ಕ್ರೂಗಳ ತಲೆಯ ಸೀಳು ಬಹಳ ತೆಳುವಾಗಿರುತ್ತದೆ. ಅಂಗಡಿಯಲ್ಲಿ ಸಿಗುವ ಸ್ಕ್ರೂಡ್ರೈವರ್ ತುದಿ ಓರೆ, ಸೀಳಿನ ಬಾಯಿ ಕಿತ್ತುಹಾಕುತ್ತದೆ. ನಾನು ಒಂದೊಂದು ಸೀಳಿಗೂ ತುದಿಯನ್ನು ಸಮವಾಗಿ ಉಜ್ಜಿ ಹೊಂದಿಸಿಕೊಳ್ಳುತ್ತೇನೆ. ಸೀಳಿನೊಳಗಿನ ತುಕ್ಕನ್ನು ಸೂಜಿಯಿಂದ ತೆಗೆದು, ಅಸಿಟೋನ್ ಮತ್ತು ಗೇರ್‌ಬಾಕ್ಸ್‌ನ ಎಟಿಎಫ್ ಎಣ್ಣೆ ಬೆರೆಸಿದ್ದನ್ನು ತೊಟ್ಟು ತೊಟ್ಟಾಗಿ ಬಿಡುತ್ತೇನೆ. ದಿನಗಟ್ಟಲೆ ಬಿಡಬೇಕು. ನಡುನಡುವೆ ಹಿತ್ತಾಳೆ ಕಡ್ಡಿಯಿಂದ ತಲೆಗೆ ಮೆಲ್ಲಗೆ ತಟ್ಟಬೇಕು. ಮೊದಲು ಬಿಗಿ ಮಾಡುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಈ ಕೆಲಸದಲ್ಲಿ ಆತುರಗಾರನಿಗೆ ಜಾಗವಿಲ್ಲ. ತೆಗೆದ ಸ್ಕ್ರೂಗಳು ಒಂದರ ತೂತಿಗೆ ಇನ್ನೊಂದು ಹೋಗುವುದಿಲ್ಲ, ಕೈಯಲ್ಲಿ ಅಳೆದು ಮಾಡಿದವು. ಹಾಗಾಗಿ ರಟ್ಟಿನ ಮೇಲೆ ಕೋವಿಯ ಚಿತ್ರ ಬರೆದು ಅದದರ ಜಾಗಕ್ಕೇ ಚುಚ್ಚಿಡುತ್ತೇನೆ.

ಈಗ ಉಪ್ಪಿನ ವಿಷಯ. ಎಣ್ಣೆ ಉಪ್ಪನ್ನು ಕರಗಿಸುವುದಿಲ್ಲ, ನೀರು ಕರಗಿಸುತ್ತದೆ. ಕಬ್ಬಿಣಕ್ಕೆ ನೀರು ತೋರಿಸುವುದಾ ಎಂದು ಜನ ಗಾಬರಿ ಬೀಳುತ್ತಾರೆ. ಕರಿಮದ್ದು ಉರಿದ ಮಸಿ ತೇವ ಎಳೆಯುವ ಲವಣವೇ. ಹಳೇ ಕೇಪುಗಳ ಸಿಡಿಮದ್ದು ಕೂಡ ಅಡುಗೆ ಉಪ್ಪಿನ ಜಾತಿಯ ಲವಣವನ್ನು ಬಿಟ್ಟುಹೋಗುತ್ತಿತ್ತು. ಬಿಸಿನೀರು ಹಾಯಿಸದೆ ಎಣ್ಣೆ ಬಟ್ಟೆ ಎಳೆದರೆ ಉಪ್ಪನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ. ಮರ ಬೇರೆ ಮಾಡಿ, ನಳಿಗೆಯನ್ನು ಬಟ್ಟೆ ಸೋಡಾ ಕರಗಿಸಿದ ನೀರಲ್ಲಿ ಮುಳುಗಿಸಿದೆ. ಕ್ಷಾರದ ನೀರಲ್ಲಿ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ, ಉಪ್ಪು ಮಾತ್ರ ನಿಧಾನಕ್ಕೆ ಹೊರಗೆ ಬರುತ್ತದೆ. ನೀರು ಬದಲಾಯಿಸುತ್ತಾ ವಾರಗಟ್ಟಲೆ ಇಟ್ಟೆ. ಬೋರ್‌ವೆಲ್ ನೀರು ಬೇಡ. ನಮ್ಮ ಜಿಲ್ಲೆಯ ಬೋರ್ ನೀರಲ್ಲೇ ಲವಣ ಜಾಸ್ತಿ, ಪಾವಗಡದ ಫ್ಲೋರೈಡ್ ಕಥೆ ಎಲ್ಲರಿಗೂ ಗೊತ್ತು. ನಾನು ಹಿಡಿದಿಟ್ಟ ಮಳೆನೀರು, ಇಲ್ಲದಿದ್ದರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರು ಬಳಸುತ್ತೇನೆ.

ಆಮೇಲೆ ಕುದಿಸುವುದು. ನನಗೆ ಬಹಳ ಇಷ್ಟದ ಹೊತ್ತು ಇದು. ನಳಿಗೆಯಷ್ಟು ಉದ್ದದ ಉಕ್ಕಿನ ತೊಟ್ಟಿ, ಅಡಿಗೆ ಎರಡು ಗ್ಯಾಸ್ ಒಲೆ, ಶುದ್ಧ ನೀರು. ನಳಿಗೆ ಪೂರ್ತಿ ಮುಳುಗಿ ಅರ್ಧ ಗಂಟೆ ಕೊತಕೊತ ಕುದಿಯಬೇಕು. ಕೆಂಪು ತುಕ್ಕು ಕಣ್ಣೆದುರೇ ಬಣ್ಣ ಬದಲಿಸುತ್ತದೆ. ಮೊದಲು ಕಂದು, ಆಮೇಲೆ ನೇರಳೆಗಪ್ಪು, ಕೊನೆಗೆ ಮಖಮಲ್ಲಿನ ಕಪ್ಪು. ಕೆಂಪು ತುಕ್ಕು ಪುಡಿ ಪುಡಿಯಾಗಿದ್ದು ತೇವ ಹಿಡಿದಿಡುತ್ತದೆ. ಕುದಿದಾಗ ಅದು ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡ್ ಆಗಿ ಕಬ್ಬಿಣಕ್ಕೆ ಅಂಟಿ ಕೂರುತ್ತದೆ. ಹೊರಗೆ ತೆಗೆದರೆ ಬಿಸಿಗೆ ತಾನೇ ಒಣಗುತ್ತದೆ. ಮೇಲಿನ ಸಡಿಲ ಪುಡಿಯನ್ನು ನಾಲ್ಕು ಸೊನ್ನೆಯ, ಅಂದರೆ ಬಹಳ ನಯವಾದ, ಸ್ಟೀಲ್ ವುಲ್‌ನಿಂದ ಸವರಿ ತೆಗೆದು ಮತ್ತೆ ಕುದಿಸಬೇಕು. ಕೆಂಪು ಉಳಿಯದವರೆಗೂ ಇದೇ. ಎಮರಿ ಪೇಪರ್ ಮುಟ್ಟಬೇಕಿಲ್ಲ. ಆಳದ ಕುಳಿಗಳಿಗೆ ಕೊನೆಯಲ್ಲಿ ಟ್ಯಾನಿಕ್ ಆಮ್ಲ ಬ್ರಷ್‌ನಲ್ಲಿ ಹಚ್ಚುತ್ತೇನೆ. ಅಳಲೆಕಾಯಿ, ಅನ್ನಭೇದಿ ಸೇರಿಸಿ ಹಿಂದಿನವರು ಶಾಯಿ ಮಾಡುತ್ತಿದ್ದರಲ್ಲ, ಅದೇ ಕಪ್ಪು ಇಲ್ಲಿ ತುಕ್ಕಿನ ಮೇಲೆ ಕೂರುತ್ತದೆ.

ಎರಡನೇ ಕುದಿ ಆಗಿ ಸವರುವಾಗ ನಳಿಗೆಯ ಅಡಿಭಾಗದಲ್ಲಿ, ಮರದೊಳಗೆ ಮುಚ್ಚಿಹೋಗುವ ಜಾಗದಲ್ಲಿ, ಬೆರಳಿಗೆ ಏನೋ ಸಿಕ್ಕಿತು. ಭೂತಗನ್ನಡಿ ಹಿಡಿದೆ. ಒಂದು ಕಿರೀಟ, ಅದರ ಕೆಳಗೆ ಅಡ್ಡಡ್ಡ ಎರಡು ರಾಜದಂಡ. ಪಕ್ಕದಲ್ಲಿ 14. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯದ ಮುದ್ರೆ. 1813ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ, ಮಾರಾಟಕ್ಕೆ ಮುಂಚೆ ಪ್ರತಿ ನಳಿಗೆಯನ್ನೂ ಜಾಸ್ತಿ ಮದ್ದು ತುಂಬಿ ಸಿಡಿಸಿ ನೋಡುತ್ತಿತ್ತು. 14 ಎಂದರೆ ಒಂದು ಪೌಂಡು ಸೀಸದಲ್ಲಿ ಆ ನಳಿಗೆಗೆ ಕೂರುವ 14 ಗುಂಡು ಆಗುತ್ತವೆ ಎಂದು. ಹನ್ನೆರಡು ಬೋರ್ ಎನ್ನುವುದೂ ಇದೇ ಲೆಕ್ಕ. ಮನೆಯವರು ಅದನ್ನು ಊರ ಆಚಾರಿ ಮಾಡಿದ್ದು ಅಂದುಕೊಂಡಿದ್ದರು. ಮರ ಮತ್ತು ಲಾಕು, ಅಂದರೆ ಕುದುರೆ ಕೂರುವ ಯಂತ್ರಭಾಗ, ಇಲ್ಲಿಯದೇ ಇರಬಹುದು, ನಳಿಗೆ ಮಾತ್ರ ಸಮುದ್ರ ದಾಟಿ ಬಂದದ್ದು. ಗ್ರೈಂಡರ್ ಹಿಡಿದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಆ ಮುದ್ರೆಯನ್ನು ಮೊಮ್ಮಗನಿಗೆ ತೋರಿಸುವಾಗ ನನಗೇ ಕೈ ನಡುಗಿತು.

ಬೇರೆ ಭಾಗಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟ್ರಿಗರ್ ಗಾರ್ಡ್‌ನಂಥ ಸಾದಾ ಕಬ್ಬಿಣದ ತುಂಡುಗಳಿಗೆ ಸೋಡಾ ನೀರಲ್ಲಿ 12 ವೋಲ್ಟ್ ಚಾರ್ಜರ್ ಕೊಟ್ಟು ತುಕ್ಕು ಬಿಡಿಸಬಹುದು. ಇನ್ನೊಂದು ತುದಿಗೆ ಸಾದಾ ಕಬ್ಬಿಣವನ್ನೇ ಕಟ್ಟಬೇಕು. ಸ್ಟೇನ್‌ಲೆಸ್ ಚಮಚ ಕಟ್ಟುತ್ತಾರೆ, ಅದರಿಂದ ವಿಷದ ಕ್ರೋಮಿಯಂ ನೀರಿಗಿಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಲ್ಲೇ ಮಾಡಬೇಕು. ಸ್ಪ್ರಿಂಗ್‌ಗಳನ್ನು ಮಾತ್ರ ಇದಕ್ಕೆ ಹಾಕಲೇಬಾರದು. ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಹೊಕ್ಕು ಮುಂದೊಂದು ದಿನ ಪಟ್ಟನೆ ಮುರಿಸುತ್ತದೆ.

ಜೋಡಿ ನಳಿಗೆಯವರಿಗೆ ಒಂದು ಮಾತು. ಎರಡು ನಳಿಗೆಯ ನಡುವಿನ ಪಟ್ಟಿಯನ್ನು ಸೀಸ ತವರದ ಬೆಸುಗೆಯಲ್ಲಿ ಕೂರಿಸಿರುತ್ತಾರೆ. ಕಾಸ್ಟಿಕ್ ಸೋಡಾದ ಬಿಸಿ ದ್ರಾವಣದಲ್ಲಿ ಅದ್ದಿ ಕಪ್ಪು ಬಣ್ಣ ಕೊಡುವವರಿದ್ದಾರೆ. ಆ ದ್ರಾವಣ ಬೆಸುಗೆಯನ್ನೇ ತಿಂದುಬಿಡುತ್ತದೆ. ಕೊಡಬೇಡಿ. ಪಟ್ಟಿ ಸಡಿಲವೋ ಅಂತ ತಿಳಿಯಲು ನಳಿಗೆಯನ್ನು ದಾರದಲ್ಲಿ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿಯಿದ್ದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ಸಡಿಲವಿದ್ದರೆ ಜುಂಯ್ ಎಂದು ಒಡಕಲು ದನಿ.

ಮರಕ್ಕೆ ಉಜ್ಜುಕಾಗದ ಬೇಡ. ಉಜ್ಜಿದರೆ ಮರ ತಗ್ಗಿ ಲೋಹದ ಅಂಚು ಮೇಲೇಳುತ್ತದೆ. ಲಾಕಿನ ಸುತ್ತ ಎಣ್ಣೆ ಕುಡಿದು ಕಪ್ಪಾಗಿದ್ದ ಮರಕ್ಕೆ ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ಮೆತ್ತಿದೆ, ಒಣಗಿದಾಗ ಎಣ್ಣೆ ಹೀರಿ ಹಳದಿಯಾಗಿತ್ತು. ತಗ್ಗು ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಮರ ಉಬ್ಬಿ ಸಮವಾಗುತ್ತದೆ. ಕೊನೆಗೆ ಅಗಸೆ ಎಣ್ಣೆ, ತೆಳ್ಳಗೆ, ಅಂಗೈ ಬಿಸಿಯಾಗುವಂತೆ ಉಜ್ಜಿ.

ಈ ಕೋವಿಯನ್ನು ಹಾರಿಸಬಾರದು ಎಂದು ಬರೆದುಕೊಟ್ಟೆ. ನಿಪ್ಪಲ್ ಹತ್ತಿರ ಕುಳಿಗಳು ನಳಿಗೆಯ ದಪ್ಪವನ್ನು ಬಹಳ ತಿಂದಿದ್ದವು. ಬೆಸುಗೆ ತುಂಬಿಸಿ ಎಂದು ಮೊಮ್ಮಗ ಕೇಳಿದರು, ನಾನು ಒಪ್ಪಲಿಲ್ಲ. ಒತ್ತಡ ತಡೆಯುವ ಜಾಗಕ್ಕೆ ಬೆಸುಗೆ ಹಾಕಿದರೆ ಸುತ್ತಲಿನ ಕಬ್ಬಿಣದ ಗುಣವೇ ಕೆಡುತ್ತದೆ, ಸಿಡಿದರೆ ಹೋಗುವುದು ಹಾರಿಸಿದವರ ಕೈ, ಕಣ್ಣು. ಹಾರಿಸದಿದ್ದರೂ ಲೈಸೆನ್ಸ್ ಬೇಕೇ ಬೇಕು ಅಂತಲೂ ಹೇಳಿದೆ.

ಮನೆಯಲ್ಲಿ ಇಡುವ ಬಗ್ಗೆ. ತೆಂಗಿನೆಣ್ಣೆ ಬೇಡ. ತಿಪಟೂರಿನ ಪಕ್ಕದಲ್ಲೇ ಇದ್ದುಕೊಂಡು ಇದನ್ನು ಹೇಳುವುದು ಕಷ್ಟ, ಆದರೂ ಅದು ಚಳಿಗೆ ಹೆಪ್ಪುಗಟ್ಟುತ್ತದೆ, ಕಮಟಾಗಿ ಹುಳಿ ಬಿಡುತ್ತದೆ, ಆ ಹುಳಿ ಲೋಹ ತಿನ್ನುತ್ತದೆ. ಹೊಲಿಗೆ ಮಿಷನ್ ಎಣ್ಣೆ ತೆಳ್ಳಗೆ ಸವರಿದರೆ ಸಾಕು. ಗೋಡೆಗೆ ತೂಗುಹಾಕುವ ಕೋವಿಗೆ ಮೈಕ್ರೋಕ್ರಿಸ್ಟಲಿನ್ ಮೇಣ ಇನ್ನೂ ಒಳ್ಳೆಯದು. ಗೋಣಿಯಲ್ಲೂ, ಚರ್ಮದ ಚೀಲದಲ್ಲೂ ಇಡಬೇಡಿ, ಎರಡೂ ತೇವ ಹಿಡಿಯುತ್ತವೆ. ಆಯುಧಪೂಜೆಗೆ ಕೋವಿಯನ್ನು ಖಂಡಿತ ಪೂಜಿಸಿ, ನಾನೂ ನನ್ನ ಉಪಕರಣಗಳನ್ನು ಪೂಜಿಸುತ್ತೇನೆ. ಆದರೆ ಅರಿಶಿನ ಕುಂಕುಮವನ್ನು ಮರದ ಹಿಡಿಗೆ ಇಡಿ, ನಿಂಬೆಹಣ್ಣು ನೆಲದ ಮೇಲಿರಲಿ. ನಿಂಬೆರಸ ಬಿದ್ದು ನಳಿಗೆಯ ಮೇಲೆ ಬೂದು ಉಂಗುರ ಕೊರೆದದ್ದನ್ನು ಬಹಳ ನೋಡಿದ್ದೇನೆ.

ಇನ್ನು ಚುನಾವಣೆ. ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸಬೇಕಾಗುತ್ತದೆ, ಎಷ್ಟೋ ಕೋವಿಗಳು ವಾರಗಟ್ಟಲೆ ಒಂದರ ಮೇಲೊಂದು ಒರಗಿಕೊಂಡಿರುತ್ತವೆ. ಕೊಡುವ ಮುಂಚೆ ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು, ಒಳಗೂ ಹೊರಗೂ ಎಣ್ಣೆ ಸವರಿ, ನಂಬರ್ ಬರೆದ ರಸೀದಿ ತೆಗೆದುಕೊಳ್ಳಿ. ಬಿಡಿಸಿಕೊಂಡು ಬಂದ ದಿನವೇ ಒಣಗಿದ ಬಿಳಿ ಬಟ್ಟೆಯನ್ನು ನಳಿಗೆಯಲ್ಲಿ ಹಾಯಿಸಿ. ಬಟ್ಟೆಗೆ ಕೆಂಪು ಹತ್ತಿದರೆ ಮೊದಲು ಬಿಸಿನೀರು, ಆಮೇಲೆ ಎಣ್ಣೆ.